ಗರಡಿಮನೆಯ ಹೆಗ್ಗಣ

ನಮ್ಮ ಗರಡಿಮನೆಯಲ್ಲಿದ್ದಂಥ ಹೆಗ್ಗಣ ಸುತ್ತಿನ ಏಳು ಜಿಲ್ಲೆಯಲ್ಲಿ ಇರಲಿಲ್ಲ. ನಾನು ಹೇಳುತ್ತಿದ್ದೇನೆ ಎಂದಮೇಲೆ ಅನುಮಾನ ಬೇಡ. ಪೈಲ್ವಾನರಿಗೆಂದು ಇಟ್ಟ ಬಾದಾಮಿ, ತುಪ್ಪ ತಿಂದರೆ ತಾನೂ ಪೈಲ್ವಾನನಾಗುತ್ತೇನೆಂದು ನಂಬಿ ಅದು ದಿನವೂ ತಿಂದಿತು. ಬೆಳೆದದ್ದು ಹೊಟ್ಟೆ ಮಾತ್ರ. ಅಷ್ಟರಲ್ಲಿ ಗರಡಿಗೆ ಬೆಕ್ಕೊಂದು ಬಂದು ಸೇರಿತು. ಬಂದ ದಿನವೇ ಹೆಗ್ಗಣದ ಬಾಲದ ತುದಿ ಹೋಯಿತು.

ಹೆದರಿದ ಹೆಗ್ಗಣ ಹೊಟ್ಟೆ ಇಳಿಸಲೆಂದು ಊಟವನ್ನೇ ಬಿಟ್ಟಿತು. ಕೊನೆಗೆ ತಲೆಸುತ್ತಿ ಅಖಾಡದ ಕೆಮ್ಮಣ್ಣಿನ ಮೇಲೆ ಬಿದ್ದಾಗ, ತೊಲೆಯ ಮೇಲಿದ್ದ ಅಳಿಲು ಕೇಳಿತು: “ಇದೇನಣ್ಣ, ಸಾಯುವುದಕ್ಕೆ ಬೆಕ್ಕೊಂದು ಸಾಲದೆ?”

“ಪೈಲ್ವಾನರು ತಿನ್ನುವುದನ್ನೇ ತಿಂದೆನಲ್ಲ ಅಕ್ಕ, ನನಗೇಕೆ ಹೀಗಾಯಿತು?”

“ಅವರು ತಿನ್ನುವುದನ್ನಷ್ಟೇ ನೀನು ನೋಡಿದೆ. ಮುಂಜಾನೆ ಅವರು ಸಾಮು ಮಾಡುವಾಗ ನಿನಗೆ ನಿದ್ದೆ. ಊಟ ಬಿಡಬೇಡ. ಹಸಿದಾಗ ಒಂದೇ ಬಾದಾಮಿ ತೆಗೆದುಕೋ. ಆದರೆ ತೊಲೆಯಿಂದ ಇಳಿಬಿಟ್ಟಿರುವ ಈ ಹಗ್ಗ ಹತ್ತಿ, ಇಲ್ಲಿಗೆ ಬಂದು ತಿನ್ನು.”

ಹೆಗ್ಗಣ ಜಾರಿತು, ಅಳಿಲನ್ನು ಬೈದುಕೊಂಡಿತು, ಮತ್ತೆ ಹತ್ತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆ ಕರಗಿತ್ತು. ತೊಡೆ ನೋಡಿದರೆ ನಮ್ಮ ಉಸ್ತಾದರೇ ನಾಚಬೇಕು.

ಒಂದು ಮಧ್ಯಾಹ್ನ ಬೆಕ್ಕು ಹೆಗ್ಗಣದ ಮೇಲೆ ಹಾರಿತು. ಹೆಗ್ಗಣ ಬಾದಾಮಿ ಕಚ್ಚಿಕೊಂಡೇ ಹಗ್ಗ ಏರಿ ತೊಲೆ ಸೇರಿತು. ಗರಡಿಯ ಹಾಲು ಕುಡಿದು ಕೊಬ್ಬಿದ್ದ ಬೆಕ್ಕು ಅರ್ಧಕ್ಕೇ ಜಾರಿ ಬಿದ್ದು, ಏದುಸಿರು ಬಿಡುತ್ತ ಕೇಳಿತು: “ಅಳಿಲಕ್ಕ, ಮೈ ಇಳಿಸುವ ದಾರಿ ನನಗೂ ಹೇಳು.”

ಅಳಿಲು ಬಾಯಿ ತೆರೆಯುವ ಮೊದಲೇ ಹೆಗ್ಗಣ ಬಾದಾಮಿ ಪಕ್ಕಕ್ಕಿಟ್ಟು ಕೈಮುಗಿಯಿತು: “ನಿಮಗೇಕೆ ಮಾವ ಆ ಕಷ್ಟ? ಮೈಕಟ್ಟು ಚೆನ್ನಾಗಿಯೇ ಇದೆ. ಇನ್ನೊಂದು ಬಟ್ಟಲು ಹಾಲು ಕುಡಿದು ಮಲಗಿಬಿಡಿ.”