ಬಳೆಗಾರನ ಹೆಂಡತಿಯ ಸಿಟ್ಟು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನನ್ನ ಅಣ್ಣ ಮನೋರೋಗದ ಆಸ್ಪತ್ರೆಯಲ್ಲಿದ್ದಾನೆ. ಯಾರೂ ಇಲ್ಲದಾಗಲೂ ಅವನಿಗೆ ದನಿಗಳು ಕೇಳಿಸುತ್ತವೆ. ನಾನು ತಪ್ಪದೆ ಹೋಗಿ ನೋಡುತ್ತೇನೆ. ಮನಸ್ಸು ನೋಯಬಾರದೆಂದು ಅವನು ಹೇಳಿದ್ದಕ್ಕೆಲ್ಲ ಹೂಂ ಎಂದು ಬರುತ್ತೇನೆ. ಅಣ್ಣ ನನಗೆ ಮರಳಿ ಸಿಕ್ಕ ಎಂದು ಯಾವಾಗ ತಿಳಿಯಲಿ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಅವನ ಹೆಂಡತಿಯ ಬಾಯಿ ಜೋರು. ಅವನದೂ ಕಡಿಮೆಯಲ್ಲ. ಒಂದು ಸುತ್ತು ಜಗಳವಾಗದೆ ಆ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಉಣ್ಣುವ ಹೊತ್ತಿಗೆ ಇಬ್ಬರೂ ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಬಳೆಗಾರನಿಗೆ ದನಿಗಳು ಕೇಳಿಸತೊಡಗಿದವು. ಬಳೆಗಳೇ ತನ್ನನ್ನು ಬೈಯುತ್ತಿವೆ ಎಂದು ಎಲ್ಲವನ್ನೂ ಬಾವಿಗೆ ಸುರಿದ. ಊಟ ಬಿಟ್ಟ, ನಿದ್ದೆ ಬಿಟ್ಟ. ಹೆಂಡತಿ ಅವನನ್ನು ಆಸ್ಪತ್ರೆಗೆ ಸೇರಿಸಿದಳು. ವೈದ್ಯರು ಔಷಧ ಕೊಟ್ಟರು. ನಿದ್ದೆ ಮರಳಿತು. ದನಿಗಳು ದೂರ ಸರಿದವು, ಆದರೆ ಪೂರ್ತಿ ಹೋಗಲಿಲ್ಲ. "ಈಗಲೂ ಕೇಳಿಸುತ್ತವೆಯೇ?" ಎಂದು ವೈದ್ಯರು ದಿನವೂ ವಿಚಾರಿಸುವರು. "ಆಗೊಮ್ಮೆ ಈಗೊಮ್ಮೆ" ಎನ್ನುವನು. ಅದನ್ನು ಬಿಟ್ಟು ಬೇರೆ ಮಾತನ್ನು ಯಾರೂ ಅವನಲ್ಲಿ ಕೇಳುತ್ತಿರಲಿಲ್ಲ.

ವಾರವಾರವೂ ಸಂತೆಯ ಮರುದಿನ ಹೆಂಡತಿ ಬುತ್ತಿ ತರುವಳು. ಅವನು ಬೆಳಗಿನಿಂದಲೇ ಬಾಗಿಲ ಕಡೆ ನೋಡುತ್ತಾ ಕೂರುವನು. ಆದರೆ ಬಂದವಳು ಅವನ ಹೆಂಡತಿಯಂತೆ ಇರುತ್ತಿರಲಿಲ್ಲ. ಎದುರು ಮಾತಾಡಿದರೆ ರೋಗ ಕೆರಳುತ್ತದೆ ಎಂದು ನೆಂಟರು ಅವಳ ಕಿವಿಯಲ್ಲಿ ತುಂಬಿದ್ದರು. ಮೆಲ್ಲಗೆ ಬಡಿಸಿ, ಮೆಲ್ಲಗೆ ತಟ್ಟೆ ತೊಳೆದು, ಹೋಗಿಬಿಡುವಳು.

ಒಂದು ಸಲ ಬಳೆಗಾರ ತುತ್ತು ಬಾಯಿಗಿಟ್ಟು, "ಇದೇನೇ ಇದು, ಉಪ್ಪೇ ಇಲ್ಲ!" ಎಂದ. ಉಪ್ಪು ಸರಿಯಾಗಿಯೇ ಇತ್ತು. ಅವನಿಗೂ ಅದು ಗೊತ್ತಿತ್ತು.

"ಹೌದು, ನನ್ನದೇ ತಪ್ಪು" ಎಂದಳು.

ಮುಂದಿನ ವಾರ, "ಉಪ್ಪು ಸುರಿದುಬಿಟ್ಟಿದ್ದೀಯ" ಎಂದ.

"ಹೌದು, ಜಾಸ್ತಿಯಾಯಿತು" ಎಂದಳು.

ಬಳೆಗಾರ ತಟ್ಟೆ ಸರಿಸಿ, ಗೋಡೆಗೆ ಮುಖ ಮಾಡಿ ಮಲಗಿದ. ದನಿಗಳಾದರೂ ನನ್ನನ್ನು ಬೈಯುತ್ತವೆ ಎಂದುಕೊಂಡ.

ಅದರ ಮುಂದಿನ ಸಲ ಅವಳು ತಡವಾಗಿ ಬಂದಳು. ಬುತ್ತಿ ಬಿಚ್ಚುವ ಅವಳ ಬೆರಳುಗಳನ್ನು ಬಳೆಗಾರ ನೋಡಿದ. ಬೆರಳ ತುಂಬ ಗಾಜು ತಾಗಿದ ಗಾಯಗಳು. ಹೊಟ್ಟೆಪಾಡಿಗೆ ಇವಳೇ ಬಳೆ ತೊಡಿಸುತ್ತಿದ್ದಾಳೆ, ಬಳೆಗಳು ಕೈಯಲ್ಲೇ ಒಡೆಯುತ್ತಿವೆ ಎಂದು ಅವನಿಗೆ ತಿಳಿಯಿತು. ಎದ್ದು ಕೂತ.

"ಮಣಿಕಟ್ಟು ನೋಡಿ ಬಳೆ ಆರಿಸುತ್ತೀಯಲ್ಲವೇನೇ, ಪೆದ್ದಿ? ಬಳೆ ದಾಟಬೇಕಾದದ್ದು ಗೆಣ್ಣನ್ನು. ಗೆಣ್ಣು ನೋಡಬೇಕು."

ಹೌದು ಎನ್ನಲು ಅವಳು ಬಾಯಿ ತೆರೆದಳು. ಬಂದ ಮಾತೇ ಬೇರೆ.

"ಓಹೋ! ಇದ್ದಬದ್ದ ಬಳೆಯನ್ನೆಲ್ಲ ಬಾವಿಗೆ ಸುರಿದು, ಇಲ್ಲಿ ಮಂಚದ ಮೇಲೆ ಕಾಲು ಚಾಚಿದವರು ನನಗೆ ಬುದ್ಧಿ ಹೇಳುವುದೇ? ಬಿಸಿಲಲ್ಲಿ ನಾಲ್ಕು ಮನೆ ಸುತ್ತಿ ನೋಡಿ, ತಿಳಿಯುತ್ತದೆ. ಅಷ್ಟು ಬಲ್ಲವರಾದರೆ ಎದ್ದು ಬಂದು ನೀವೇ ತೊಡಿಸಿ!"

ಸುತ್ತಲಿನ ರೋಗಿಗಳೆಲ್ಲ ತಿರುಗಿ ನೋಡಿದರು. ಅವಳು ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಲಾಟೆ ಕೇಳಿ ವೈದ್ಯರು ಓಡಿ ಬಂದರು. ಬಳೆಗಾರನ ಕಣ್ಣಲ್ಲಿ ಧಾರಾಕಾರ ನೀರು.

"ಏನಾಯಿತು?" ಎಂದರು ವೈದ್ಯರು.

"ಏನಿಲ್ಲ ಸ್ವಾಮಿ. ನನ್ನ ಹೆಂಡತಿ ಬಂದಿದ್ದಾಳೆ" ಎಂದ ಬಳೆಗಾರ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಗೆಣ್ಣನ್ನು ಹೇಗೆ ಒತ್ತಿ ಮಡಿಸಬೇಕೆಂದು ತೋರಿಸತೊಡಗಿದ. ಅವಳು ಅಳುತ್ತಲೇ, "ಮೆಲ್ಲಗೆ, ನೋಯುತ್ತದೆ" ಎಂದು ಗದರಿಸಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಮೇಲೆ ಅವನಿಗೆ ಕೇಳಿಸುತ್ತಿದ್ದ ದನಿಗಳು ನಿಂತವೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ಚಿಕ್ಕಂದಿನಲ್ಲಿ ನೀನೂ ನಿನ್ನ ಅಣ್ಣನೂ ಯಾವುದಕ್ಕೆ ಜಗಳವಾಡುತ್ತಿದ್ದಿರಿ?"

ಶಿಷ್ಯ ಎದ್ದು ಆಸ್ಪತ್ರೆಯ ದಾರಿ ಹಿಡಿದ.