ಬಾಯಿ ತೆರೆದ ಗೀಜಗದ ಮರಿ

ಗೀಜಗದ ಮರಿಯೊಂದು ರೆಕ್ಕೆ ಬಲಿಯುವ ಮೊದಲೇ ಗೂಡು ಹೆಣೆಯಲು ಕಲಿತುಬಿಟ್ಟಿತು. ಸುದ್ದಿ ಹಬ್ಬಿದ್ದೇ ತಡ, ಇಬ್ಬರು ಪ್ರಿನ್ಸಿಪಾಲರು ಗೂಡಿನ ಬಾಗಿಲಿಗೆ ಬಂದರು. ತಾಯಿ ಮೇವು ತರಲು ಹೋಗಿತ್ತು, ತಂದೆ ಎದುರುಗೊಂಡಿತು.

"ನಮ್ಮ ಕಾಲೇಜು ಬೂರುಗದ ಮರದ ತುದಿಕೊಂಬೆಯಲ್ಲಿದೆ," ಎಂದಿತು ನವಿಲು. "ಇಷ್ಟು ಎಳೆಯ ವಿದ್ಯಾರ್ಥಿ ಬೇರೆ ಯಾರಲ್ಲೂ ಇಲ್ಲ. ಗೇಟಿನಲ್ಲೇ ಫ್ಲೆಕ್ಸ್ ಹಾಕಿಸುತ್ತೇವೆ."

"ನಮ್ಮದು ನೆಲದ ಮೇಲಿನ ಕಾಲೇಜು," ಎಂದಿತು ಕೌಜುಗ. "ಸಂಜೆಯಾದರೆ ಮಗು ಮನೆಗೆ ಬರಬಹುದು. ಅಂದಹಾಗೆ, ಇದಕ್ಕೆ ಹಾರಲು ಬರುತ್ತದೆಯೇ?"

ತಂದೆಗೆ ರೇಗಿತು. "ಇಷ್ಟು ಬುದ್ಧಿವಂತ ಮರಿಗೆ ಹಾರುವುದೇನು ಮಹಾ! ನೆಲದ ಮೇಲೆ ಓದಿಸಿದರೆ ನಾನು ನೆಂಟರೆದುರು ತಲೆಯೆತ್ತುವುದು ಹೇಗೆ? ತುದಿಕೊಂಬೆಯೇ ಆಗಲಿ."

ಅಷ್ಟರಲ್ಲಿ ಮರಿ ಕತ್ತು ಚಾಚಿ ಅಗಲವಾಗಿ ಬಾಯಿ ತೆರೆಯಿತು.

"ನೋಡಿದಿರಾ!" ಎಂದು ನವಿಲು ಗರಿ ಬಿಚ್ಚಿತು. "ಪ್ರಶ್ನೆ ಕೇಳುವ ಮೊದಲೇ ಉತ್ತರ ಹೇಳಲು ಸಿದ್ಧವಾಗಿದೆ. ಫ್ಲೆಕ್ಸಿಗೆ ಇದೇ ಫೋಟೊ!"

"ಅದಕ್ಕೆ ಹಸಿವು, ಸ್ವಾಮಿ," ಎಂದಿತು ಕೌಜುಗ. ವಿದ್ಯಾರ್ಥಿಯನ್ನು ಕಳೆದುಕೊಂಡವರ ಮಾತನ್ನು ಯಾರು ಕೇಳುತ್ತಾರೆ?

ಆ ಹೊತ್ತಿಗೆ ತಾಯಿ ಕೊಕ್ಕಿನಲ್ಲಿ ಮಿಡತೆ ಕಚ್ಚಿಕೊಂಡು ಬಂತು. ಮರಿ ಬಾಯಿಯನ್ನು ಇನ್ನೂ ಅಗಲಿಸಿತು.

"ಸೀಟು ಸಿಕ್ಕಿತು, ತಾಯಿ! ಇಡೀ ಕಾಡಿಗೇ ಅತಿ ಕಿರಿಯ ವಿದ್ಯಾರ್ಥಿ! ನೀವೂ ಎರಡು ಮಾತಾಡಿ," ಎಂದಿತು ನವಿಲು.

ತಾಯಿಗೆ ಸಂತೋಷ ತಡೆಯಲಾಗಲಿಲ್ಲ. ಆದರೆ ಬಾಯಿ ತುಂಬ ಮಿಡತೆ ಇಟ್ಟುಕೊಂಡು ಮಾತಾಡುವುದು ಹೇಗೆ? ಅದನ್ನು ಗುಳುಂ ಎಂದು ನುಂಗಿ, ತಾಯಿ ಹೇಳಿತು: "ನಾವು ಏನು ಮಾಡಿದರೂ ಮಗುವಿಗೋಸ್ಕರವೇ."