ಸಾಹೇಬರ ಡ್ರಾಪ್

ಆ ಜಿಲ್ಲಾ ಕಚೇರಿಯ ಪುಂಡಲೀಕ ಸಾಹೇಬರು ‘ಡ್ರಾಪ್’ ಎಂಬ ಒಂದೇ ಇಂಗ್ಲಿಷ್ ಪದದಲ್ಲಿ ಆಡಳಿತ ನಡೆಸುತ್ತಿದ್ದರು. ಕಣ್ಣಿಗೆ ಹಾಕಿಕೊಳ್ಳುವುದೂ ಡ್ರಾಪ್, ಡಬ್ಬಿಗೆ ಕಾಗದ ಹಾಕುವುದೂ ಡ್ರಾಪ್, ಮಗಳನ್ನು ಕಚೇರಿಯ ಜೀಪಿನಲ್ಲಿ ಕಾಲೇಜಿಗೆ ಬಿಡುವುದೂ ಡ್ರಾಪ್.

ಗುತ್ತಿಗೆಯ ಮೇಲಿದ್ದ ಟೈಪಿಸ್ಟ್ ಹೆಂಗಸು ದಿನಾ ಐದೂವರೆಗೆ ಕೊನೇ ಬಸ್ಸಿಗೆ ಓಡುತ್ತಿದ್ದಳು. ಇನ್ನು ಮೇಲೆ ಏಳರವರೆಗೆ ಕೂರಬೇಕು ಎಂದರು ಸಾಹೇಬರು.

“ಆಮೇಲೆ ಬಸ್ಸಿಲ್ಲ ಸರ್.”

ಸಾಹೇಬರು ಸಿಬ್ಬಂದಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಡ್ರಾಪ್’ ಎಂದು ಬರೆದು ಸಹಿ ಹಾಕಿದರು. “ಇದನ್ನ ಕನ್ನಡಕ್ಕೆ ಮಾಡಿ ಹೆಡ್ಡಾಫೀಸಿಗೆ ಕಳಿಸು” ಎಂದು ಅವಳ ಕೈಗೇ ಕೊಟ್ಟು, ತರಬೇತಿಗೆಂದು ಮೈಸೂರಿನ ರೈಲು ಹತ್ತಿದರು.

ಕೆಲಸ ಹೋಯಿತೆಂದು ಅವಳಿಗೆ ಗೊತ್ತಾಯಿತು. ಅಳಲಿಲ್ಲ. ಟೈಪ್ ಮಾಡಿದಳು: ‘ಇವರನ್ನು ಪ್ರತಿದಿನ ಕಚೇರಿಯ ಜೀಪಿನಲ್ಲಿ ಮನೆಗೆ ಬಿಡತಕ್ಕದ್ದು.’

ವಾರದ ಮೇಲೆ, ಸಂಜೆ ಏಳಕ್ಕೆ, ಸಾಹೇಬರು ಸ್ಟೇಷನ್ನಿನಿಂದ ನೇರ ಕಚೇರಿಗೆ ಬಂದರೆ ಅವಳು ಜೀಪು ಹತ್ತಿ ಕೂತಿದ್ದಳು. ಡ್ರೈವರ್ ಕನ್ನಡದ ಆದೇಶ ತೆಗೆದು ತೋರಿಸಿದ.

“ಏನಮ್ಮಾ ಇದು! ಡ್ರಾಪ್ ಅಂದ್ರೆ ಕೈಬಿಡೋದು!”

“ಬಿಡೋದು ಅಂತ ಗೊತ್ತಿತ್ತು ಸರ್. ಕೈಯೋ ಮನೆಗೋ ಅಂತ ನೀವು ಬರೀಲಿಲ್ಲ. ಹೆಡ್ಡಾಫೀಸಿನೋರು ಓದಿ ಮೆಚ್ಚಿ ಪತ್ರ ಬರೆದಿದಾರೆ, ನೋಡಿ. ಹೆಣ್ಣುಮಕ್ಕಳ ಬಗ್ಗೆ ನಿಮಗಿರೋ ಕಾಳಜಿ ಎಲ್ಲಾ ಜಿಲ್ಲೆಗೂ ಮಾದರಿಯಂತೆ.”

ಸಾಹೇಬರು ಪತ್ರವನ್ನು ಎರಡು ಸಲ ಓದಿದರು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದರು, “ಹಾಗಾದ್ರೆ ನಾನು ಮನೆಗೆ ಹೋಗೋದು ಹೇಗೆ?”

ಅವಳು ಒಂಚೂರು ಸರಿದು ಕೂತಳು.

“ಬನ್ನಿ ಸರ್, ದಾರೀಲಿ ಡ್ರಾಪ್ ಮಾಡ್ತೀವಿ.”